ಮನೆಗೆ ಜ್ವರ ಬಂದ ವಾರ: ಹೋಮ್‌ಸ್ಕೂಲಿಂಗ್ ಮನೆಗಳಿಗೆ ಪಾಠದ ಸಮಗ್ರ ಮಾರ್ಗದರ್ಶಿ

ಶಾಲೆಗೆ ಹೋಗುವ ಮಗುವಿಗೆ ಜ್ವರ ಬಂದರೆ ಒಂದು ರಜಾ ಚೀಟಿ ಸಾಕು. ಟೀಚರ್ ಪಾಠ ಮುಂದುವರಿಸುತ್ತಾರೆ, ಆಮೇಲೆ ಯಾರದಾದರೂ ನೋಟ್ಸ್ ತಂದು ಬರೆದುಕೊಂಡರೆ ಆಯಿತು. ಹೋಮ್‌ಸ್ಕೂಲಿಂಗ್ ಮಾಡುವ ಮನೆಯಲ್ಲಿ ಹಾಗಲ್ಲ. ಗಂಜಿ ಕಾಯಿಸುವವರೂ ನಾವೇ, ಭಿನ್ನರಾಶಿ ಹೇಳಿಕೊಡುವವರೂ ನಾವೇ. ಮಳೆಗಾಲದಲ್ಲಿ ಬಳ್ಳಾರಿಯ ಓಣಿಗಳಲ್ಲಿ ಜ್ವರ ಒಂದು ಮನೆ ಹೊಕ್ಕರೆ ಎಲ್ಲರನ್ನೂ ಮಾತಾಡಿಸಿಕೊಂಡೇ ಹೊರಗೆ ಹೋಗುತ್ತದೆ. ಕೊನೆಗೆ ಸರದಿ ಬರುವುದು ಕಲಿಸುವವರಿಗೆ.

ನಾನು ಇಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತೇನೆ. ದೊಡ್ಡವಳಿಗೆ ಹತ್ತು ವರ್ಷ, ಸಣ್ಣವನಿಗೆ ಆರು. ಇಂಥ ವಾರಗಳನ್ನು ಹೇಗೆ ನಡೆಸಬೇಕು ಅಂತ ಹೊಸದಾಗಿ ಶುರು ಮಾಡಿದವರು ಕೇಳುತ್ತಿರುತ್ತಾರೆ. ನಾನು ಹೇಳುವುದು ಒಂದೇ. ಕಾಯಿಲೆ ವಾರದ ಟೈಮ್‌ಟೇಬಲನ್ನು ಪುಸ್ತಕ ನೋಡಿ ಹಾಕಬೇಡಿ. ಮನೆಯಲ್ಲಿ ದೊಡ್ಡವರ ಮೈಯಲ್ಲಿ ಎಷ್ಟು ಕಸುವು ಉಳಿದಿದೆ ಅಂತ ನೋಡಿ ಹಾಕಿ. ಮಗುವಿನ ಪಾಠ ಒಂದು ವಾರ ನಿಂತರೆ ಏನೂ ಆಗುವುದಿಲ್ಲ. ಕಲಿಸುವವರು ಮೈ ಮುರಿದುಕೊಂಡು ಬಿದ್ದರೆ ಒಂದು ತಿಂಗಳು ನಿಲ್ಲುತ್ತದೆ.

ಹೆಜ್ಜೆ 1: ಪಾಠದ ಮಾತು ಆಮೇಲೆ, ಕಾಯಿಲೆ ಯಾವುದು ಅಂತ ಮೊದಲು ತಿಳಿಯಿರಿ

ಎಷ್ಟು ದಿನದ ಕಾಯಿಲೆ, ಮನೆಯಲ್ಲಿ ಮುಂದೆ ಯಾರಿಗೆ ಬರಬಹುದು, ಯಾವಾಗ ಬರಬಹುದು. ಈ ಮೂರಕ್ಕೆ ಉತ್ತರ ಸಿಕ್ಕರೆ ವಾರದ ಪ್ಲಾನ್ ಅರ್ಧ ಆದ ಹಾಗೆ. ಡಾಕ್ಟರ್ ಹತ್ತಿರ ಹೋದಾಗ ಔಷಧಿ ಬರೆಸಿಕೊಂಡು ಎದ್ದು ಬರಬೇಡಿ, ಇದನ್ನೂ ಕೇಳಿ.

ಫ್ಲೂ ಆದರೆ ಒಬ್ಬರಿಂದ ಇನ್ನೊಬ್ಬರಿಗೆ ಬರಲು ಒಂದರಿಂದ ನಾಲ್ಕು ದಿನ ಸಾಕು. ಅಂದರೆ ಸೋಮವಾರ ಒಬ್ಬರು ಮಲಗಿದರೆ ಬುಧವಾರವೋ ಗುರುವಾರವೋ ಇನ್ನೊಬ್ಬರು. ಚಿಕನ್ ಪಾಕ್ಸ್ ಲೆಕ್ಕ ಬೇರೆ. ಅದು ಮೈಯೊಳಗೆ 10ರಿಂದ 21 ದಿನ ಅಡಗಿರುತ್ತದೆ. ಅಕ್ಕ ಎದ್ದು ಆಡುತ್ತಿದ್ದಾಳೆ, ಮುಗಿಯಿತು ಅಂತ ನೀವು ಪುಸ್ತಕ ತೆಗೆಯುವ ಹೊತ್ತಿಗೆ ತಮ್ಮನಿಗೆ ಗುಳ್ಳೆ ಏಳುತ್ತವೆ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ ಅಂಟುತ್ತದೆ. ಹಾಗಾಗಿ ಚಿಕನ್ ಪಾಕ್ಸ್ ಬಂದರೆ ಒಂದು ವಾರ ಅಲ್ಲ, ಇಡೀ ತಿಂಗಳನ್ನೇ ಹಗುರ ಮಾಡಿಬಿಡಿ. ಬೇವಿನ ಸೊಪ್ಪು ಹಾಸಿ ಮಲಗಿಸುವುದು, ಒಗ್ಗರಣೆ ಹಾಕದೆ ಇರುವುದು ಇದೆಲ್ಲ ಅತ್ತೆಯವರ ಖಾತೆ. ನಾನು ತಲೆ ಹಾಕುವುದಿಲ್ಲ, ಡಾಕ್ಟರಿಗೆ ತೋರಿಸುವುದೊಂದು ಬಿಡುವುದಿಲ್ಲ.

ಡೆಂಗಿ ವಿಷಯದಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ. ಜ್ವರ ಇಳಿದರೆ ಗೆದ್ದೆವು ಅಂತಲ್ಲ. ಜ್ವರ ಶುರುವಾದ ಮೂರನೇ ದಿನದಿಂದ ಏಳನೇ ದಿನದ ಒಳಗೆ, ಮೈ ತಣ್ಣಗಾಗುವ ಹೊತ್ತಿನಲ್ಲೇ ಅಪಾಯ ಜಾಸ್ತಿ. ಹೊಟ್ಟೆನೋವು, ಬಿಡದ ವಾಂತಿ, ಒಸಡಲ್ಲೋ ಮೂಗಲ್ಲೋ ರಕ್ತ, ಕೈಕಾಲು ತಣ್ಣಗಾಗುವುದು, ಮಗು ಮಂಕಾಗುವುದು ಇಲ್ಲವೇ ಸುಮ್ನೆ ಚಡಪಡಿಸುವುದು, ಆರು ಗಂಟೆ ಕಳೆದರೂ ಮೂತ್ರ ಮಾಡದಿರುವುದು. ಇದರಲ್ಲಿ ಯಾವುದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಡೆಂಗಿ ಅನುಮಾನ ಇದ್ದಾಗ ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೇನ್, ಆಸ್ಪಿರಿನ್ ಕೊಡಬಾರದು, ರಕ್ತ ಸೋರುವ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲನ್ನೂ ಮಗುವಿನ ತೂಕ ನೋಡಿ ಡಾಕ್ಟರ್ ಹೇಳಿದಷ್ಟೇ ಕೊಡಿ.

ಜ್ವರ ಇರುವ ಮಗುವಿಗೆ ಪಾಠ ಇಲ್ಲ. ಇದು ನನ್ನ ಮನೆಯ ಕಾನೂನು. "ಸುಮ್ನೆ ಮಲಗಿದ್ದಾನಲ್ಲ, ಮಗ್ಗಿಯಾದರೂ ಹೇಳಲಿ" ಅಂತ ಅನ್ನಿಸುತ್ತದೆ. ಬೇಡ. ಜ್ವರದಲ್ಲಿ ಹೇಳಿದ ಮಗ್ಗಿ ತಲೆಯಲ್ಲಿ ಉಳಿಯುವುದಿಲ್ಲ, ಮಗ್ಗಿಯ ಮೇಲಿನ ಸಿಟ್ಟು ಮಾತ್ರ ಉಳಿಯುತ್ತದೆ. ಈ ಮಾರ್ಗದರ್ಶಿಯಲ್ಲಿ ಮುಂದೆ ಬರುವ ಪಾಠವೆಲ್ಲ ಹುಷಾರಾಗಿರುವ ಮಗುವಿಗೆ.

ಹೆಜ್ಜೆ 2: ಬೆಳಿಗ್ಗೆ ಎದ್ದ ತಕ್ಷಣ ದಿನಕ್ಕೊಂದು ಹೆಸರು ಕೊಡಿ

ನಮ್ಮಲ್ಲಿ ಕಾಯಿಲೆ ವಾರದ ದಿನಗಳು ಮೂರು ಥರ. ಓಡಾಡುವ ದಿನ, ಕೂರುವ ದಿನ, ಮಲಗುವ ದಿನ. ಇದನ್ನು ತೀರ್ಮಾನಿಸುವುದು ಮಗುವಿನ ಜ್ವರ ಅಲ್ಲ, ಅವತ್ತು ಮನೆ ನೋಡಿಕೊಳ್ಳುವವರ ಸ್ಥಿತಿ. ರಾತ್ರಿ ಎಷ್ಟು ಸಲ ಎದ್ದಿರಿ? ನಿಮಗೇ ಗಂಟಲು ಕೆರೆಯುತ್ತಿದೆಯಾ? ಇನ್ನೊಬ್ಬ ದೊಡ್ಡವರು ಮನೆಯಲ್ಲಿ ಇದ್ದಾರಾ, ಡ್ಯೂಟಿಗೆ ಹೋಗಿದ್ದಾರಾ?

ಓಡಾಡುವ ದಿನ ಅಂದರೆ ನಿಮಗೆ ನಿದ್ದೆ ಆಗಿದೆ, ಕೈಕಾಲು ಆಡುತ್ತವೆ. ಅವತ್ತು ಹುಷಾರಾಗಿರುವ ಮಗುವಿಗೆ ಒಂದೂವರೆ ಗಂಟೆ ಕೊಡಬಹುದು. ಲೆಕ್ಕ ಒಂದು, ಕನ್ನಡ ಒಂದು, ಅಷ್ಟೇ. ಕೂರುವ ದಿನ ನೀವು ರೋಗಿಯ ಮಂಚದ ಪಕ್ಕದಿಂದ ಏಳಲಾಗುವುದಿಲ್ಲ, ಆದರೆ ಮಾತಾಡಬಹುದು, ಅಲ್ಲಿಂದಲೇ ಹೇಳಿ ಮಾಡಿಸಬಹುದು. ಅರ್ಧ ಗಂಟೆ ಸಾಕು. ಮಲಗುವ ದಿನ ನೀವೇ ಮಲಗಿರುತ್ತೀರಿ. ಅವತ್ತು ನಿಮ್ಮ ಬಾಯಿಂದ ಏನೂ ಬರಬೇಕಾಗಿಲ್ಲ, ಮೊದಲೇ ತಯಾರಿಟ್ಟದ್ದು ತಾನೇ ನಡೆಯಬೇಕು.

ಯಾವ ದಿನ ಅಂತ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. "ಅಮ್ಮ ಇವತ್ತು ಯಾಕೆ ಪಾಠ ಮಾಡ್ತಿಲ್ಲ" ಅನ್ನುವ ಪ್ರಶ್ನೆ ಅಲ್ಲಿಗೆ ನಿಲ್ಲುತ್ತದೆ. ಮಧ್ಯಾಹ್ನ ದಿನದ ಹೆಸರನ್ನು ಕೆಳಗಿಳಿಸಬಹುದು, ಮೇಲೇರಿಸಬೇಡಿ. ಹನ್ನೊಂದು ಗಂಟೆಗೆ ಸ್ವಲ್ಪ ಹಗುರ ಅನ್ನಿಸಿತು ಅಂತ ವಿಜ್ಞಾನ ಪುಸ್ತಕ ತೆಗೆದರೆ ಸಂಜೆ ಅಡುಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ.

ಬಳ್ಳಾರಿಯಲ್ಲಿ ಇನ್ನೊಂದು ಲೆಕ್ಕವೂ ಇದೆ, ಬಿಸಿಲು. ಮಾರ್ಚ್‌ನಿಂದ ಮೇ ತನಕ ಕಾಯಿಲೆ ಬಂದರೆ ಪಾಠ ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಯಲಿ. ಆಮೇಲೆ ಹುಷಾರಿರುವವರ ತಲೆಗೂ ಏನೂ ಹತ್ತುವುದಿಲ್ಲ.

ಹೆಜ್ಜೆ 3: ಜ್ವರದ ಡಬ್ಬಿ

ಮಗು ತಾನಾಗಿ ಮಾಡಿಕೊಳ್ಳುವ ಕೆಲಸಗಳನ್ನು ತುಂಬಿಟ್ಟ ಡಬ್ಬಿ ಇದು. ಎಲ್ಲರೂ ಚೆನ್ನಾಗಿರುವಾಗಲೇ ಮಾಡಿಡಬೇಕು. ಹಳೇ ರಟ್ಟಿನ ಡಬ್ಬಿ ಸಾಕು. ಮೇಲೆ ಮಗುವಿನ ಹೆಸರು ಬರೆಯಿರಿ, ಬೇರೆ ದಿನ ತೆಗೆಯಬಾರದು ಅಂತ ನಿಯಮ ಮಾಡಿ. ಡಬ್ಬಿ ಅಪರೂಪಕ್ಕೆ ಹೊರಗೆ ಬಂದರೇ ಅದಕ್ಕೆ ಬೆಲೆ.

ಒಳಗೆ ಏನು ಹಾಕಬೇಕು ಅನ್ನುವುದಕ್ಕೆ ನನಗೆ ದಾರಿ ತೋರಿಸಿದ್ದು ಸರ್ಕಾರಿ ಶಾಲೆಗಳ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಅಲ್ಲಿ ಇಡೀ ಕ್ಲಾಸಿಗೆ ಒಂದೇ ಪಾಠ ಇರುವುದಿಲ್ಲ. ಕಲಿಕೆಯ ಮೆಟ್ಟಿಲು, ಮೆಟ್ಟಿಲಿಗೆ ತಕ್ಕ ಕಾರ್ಡು. ಹೊಲದ ಕೆಲಸಕ್ಕೋ ಜ್ವರಕ್ಕೋ ಮಗು ನಾಲ್ಕು ದಿನ ತಪ್ಪಿಸಿದರೆ ವಾಪಸ್ ಬಂದು ಎಲ್ಲಿ ಬಿಟ್ಟಿತ್ತೋ ಆ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಕಾಯಿಲೆ ಬೀಳುವ ಮನೆಗೆ ಇದಕ್ಕಿಂತ ಒಳ್ಳೆ ಏರ್ಪಾಡು ನನಗೆ ಕಂಡಿಲ್ಲ. ಹಾಗಾಗಿ ಡಬ್ಬಿಯಲ್ಲಿ ಪುಸ್ತಕಕ್ಕಿಂತ ಕಾರ್ಡುಗಳಿರಲಿ. ಮದುವೆ ಪತ್ರಿಕೆಗಳ ಹಿಂಬದಿ ಇದಕ್ಕೆ ಹೇಳಿಮಾಡಿಸಿದ್ದು, ಗಟ್ಟಿ ಇರುತ್ತದೆ. ಒಂದು ಕಾರ್ಡಿಗೆ ಒಂದೇ ಕೆಲಸ, ಹತ್ತು ನಿಮಿಷಕ್ಕೆ ಮುಗಿಯಬೇಕು, ಮತ್ತು ಯಾರನ್ನೂ ಕೇಳದೆ ಮಗು ಮಾಡುವಂತಿರಬೇಕು. ಹೊಸ ವಿಷಯ ಬೇಡವೇ ಬೇಡ. ಬರುವುದನ್ನೇ ಮತ್ತೆ ಮಾಡುವ ಕಾರ್ಡು. ಹಿಂಬದಿಯಲ್ಲಿ ಉತ್ತರ ಬರೆದಿಡಿ, ತಿದ್ದುವ ಕೆಲಸವೂ ನಿಮಗೆ ತಪ್ಪುತ್ತದೆ.

ಇದಲ್ಲದೆ ಸ್ಲೇಟು ಬಳಪ, ಗ್ರಾಫ್ ಹಾಳೆ, ಅಂಟು, ಹಳೇ ಪೇಪರ್, ನಾಲ್ಕಾರು ತೆಳ್ಳನೆಯ ಕಥೆ ಪುಸ್ತಕ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಬಹುದು. ಕರ್ನಾಟಕದ ಸರ್ಕಾರಿ ಪಠ್ಯಪುಸ್ತಕಗಳ ಪಿಡಿಎಫ್ ಕೂಡ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿದೆ. ಪಾಠದ ಪಕ್ಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ವಿಡಿಯೊ ಬರುತ್ತದೆ. ಮಲಗುವ ದಿನಕ್ಕೆ ಅದು ಅನುಕೂಲ.

ಫೋನಿನಲ್ಲಿ ನಿಮ್ಮ ದನಿಯಲ್ಲೇ ಕೆಲವು ಕಥೆ ರೆಕಾರ್ಡ್ ಮಾಡಿಡಿ. ಗಂಟಲು ಕಟ್ಟಿದ ದಿನ ಸಣ್ಣವರಿಗೆ ಅಮ್ಮನ ದನಿಯೇ ಬೇಕಾಗುತ್ತದೆ.

ಹೆಜ್ಜೆ 4: ವಾರ ನಡೆಸುವುದು

ಮಾದರಿಗೆ ಒಂದು ವಾರ ತೆಗೆದುಕೊಳ್ಳೋಣ. ಸಣ್ಣವನಿಗೆ ಭಾನುವಾರ ರಾತ್ರಿ ಜ್ವರ ಶುರುವಾಗಿದೆ, ದೊಡ್ಡವಳು ಹುಷಾರಾಗಿದ್ದಾಳೆ ಅಂದುಕೊಳ್ಳಿ. ನಿಮ್ಮ ಮನೆಯಲ್ಲಿ ಉಲ್ಟಾ ಇದ್ದರೆ ಕೆಲಸ ಅದಲು ಬದಲು ಮಾಡಿಕೊಳ್ಳಿ.

ಸೋಮವಾರ ಪಾಠ ಮಾಡಬೇಡಿ. ನಿದ್ದೆ ಇರುವುದಿಲ್ಲ, ಆಸ್ಪತ್ರೆ, ಲ್ಯಾಬು, ಮೆಡಿಕಲ್ ಶಾಪು ಅಂತ ಓಡಾಟ. ದೊಡ್ಡವಳಿಗೆ ಡಬ್ಬಿ ತೆಗೆದುಕೊಡಿ, ಅಷ್ಟೇ.

ಮಂಗಳವಾರದಿಂದ ಜ್ವರದ ಚಾರ್ಟು. ಇದೊಂದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಡಾಕ್ಟರಿಗೂ ಉಪಯೋಗ, ಮಗುವಿಗೂ ಪಾಠ, ನಿಮಗೆ ಬೇರೆ ತಯಾರಿ ಬೇಕಿಲ್ಲ. ಗ್ರಾಫ್ ಹಾಳೆಯಲ್ಲಿ ಅಡ್ಡಗೆರೆಗೆ ಹೊತ್ತು ಬರೆಸಿ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಉದ್ದಗೆರೆಗೆ 97ರಿಂದ 105 ತನಕ ಫ್ಯಾರನ್‌ಹೀಟ್. ಒಂದು ಡಿಗ್ರಿಗೆ ಐದು ಚೌಕ, ಅಂದರೆ ಒಂದು ಚೌಕಕ್ಕೆ 0.2. ದಶಮಾಂಶ ಅರ್ಥವಾಗದ ಮಗುವಿಗೆ ಇಲ್ಲಿ ಅರ್ಥವಾಗುತ್ತದೆ. 101.4ಕ್ಕೆ ಚುಕ್ಕಿ ಎಲ್ಲಿ ಇಡಬೇಕು? 101ರ ಗೆರೆಯಿಂದ ಎರಡು ಚೌಕ ಮೇಲೆ. 101.5 ಬಂದರೆ? ಎರಡನೇ ಚೌಕದಿಂದ ಅರ್ಧ ಚೌಕ ಮೇಲೆ. ನನ್ನ ಮಗಳು ಇದನ್ನು ಪುಸ್ತಕದಲ್ಲಿ ಓದಿದಾಗ ಆಕಳಿಸಿದವಳು, ತಮ್ಮನ ಜ್ವರಕ್ಕೆ ಚುಕ್ಕಿ ಇಡುವಾಗ ಪೆನ್ಸಿಲ್ ತುದಿ ಚೂಪು ಮಾಡಿಕೊಂಡು ಬಂದಳು.

ಥರ್ಮಾಮೀಟರ್ ಪ್ರತಿ ಸಲ ಒಂದೇ ಕಡೆ ಇಡಬೇಕು. ಕಂಕುಳಲ್ಲಿ ಇಟ್ಟರೆ ಬಾಯಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಒಮ್ಮೆ ಬಾಯಿ, ಒಮ್ಮೆ ಕಂಕುಳು ಆದರೆ ಚಾರ್ಟು ಸುಳ್ಳು ಹೇಳುತ್ತದೆ. ಔಷಧಿ ಕೊಟ್ಟ ಹೊತ್ತಿಗೆ ಕೆಂಪು ಬಾಣ ಹಾಕಿಸಿ. ಔಷಧಿ ಕುಡಿಸಿದ ಮೇಲೆ ಗೆರೆ ಇಳಿಯುವುದು, ಕೆಲವು ಗಂಟೆಗೆ ಮತ್ತೆ ಏರುವುದು ಕಣ್ಣಿಗೆ ಕಾಣುತ್ತದೆ. "ಔಷಧಿ ಜ್ವರ ಇಳಿಸ್ತು, ಕಾಯಿಲೆ ಹೋಗಿಲ್ಲ ಅಲ್ವಾ?" ಅಂತ ಮಗು ತಾನಾಗಿ ಕೇಳಿದರೆ ವಿಜ್ಞಾನದ ಪಾಠವೂ ಆಯಿತು.

ಐದನೇ ಕ್ಲಾಸಿನ ಮೇಲಿನವರಿಗೆ ಸೆಲ್ಸಿಯಸ್ ಮಾಡಿಸಬಹುದು. ಸೂತ್ರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. 37 ಸೆಲ್ಸಿಯಸ್ ಅಂದರೆ 98.6. ಅಲ್ಲಿಂದ 1.8 ಕೂಡಿಸುತ್ತ ಹೋದರೆ 38ಕ್ಕೆ 100.4, 39ಕ್ಕೆ 102.2, 40ಕ್ಕೆ 104. ಈ ನಾಲ್ಕು ಸಂಖ್ಯೆಗಳನ್ನು ಚಾರ್ಟಿನ ಬಲಬದಿಗೆ ಬರೆದರೆ ಎರಡು ಅಳತೆಯ ಗ್ರಾಫ್ ಆಗುತ್ತದೆ. ಯಾಕೆ 1.8 ಅಂತ ಕೇಳಿದರೆ ಆಗ 9/5ರ ಮಾತು ತೆಗೆಯಿರಿ, ಕೇಳದಿದ್ದರೆ ಬಿಡಿ.

ಒಂದು ಎಚ್ಚರ. ಚಾರ್ಟು ಹಾಕುವವಳು ಅಕ್ಕ, ಔಷಧಿ ಕೊಡುವವರು ದೊಡ್ಡವರು. ಇದು ಅದಲು ಬದಲು ಆಗಬಾರದು.

ಬುಧವಾರ ಅಡುಗೆಮನೆ ಲೆಕ್ಕ. ವಾಂತಿ ಭೇದಿ ಇದ್ದರೆ ಓಆರ್‌ಎಸ್ ಬೇಕೇ ಬೇಕು, ಅದರ ಜೊತೆ ಅನುಪಾತದ ಪಾಠ ಬರುತ್ತದೆ. ಪ್ಯಾಕೆಟ್ ಎರಡು ಅಳತೆಯಲ್ಲಿ ಸಿಗುತ್ತದೆ, 1 ಲೀಟರಿಗೆ ಒಂದು, 200 ಮಿ.ಲೀ.ಗೆ ಒಂದು. ಯಾವುದು ಕೈಯಲ್ಲಿದೆ ಅಂತ ಮಗುವೇ ಓದಿ ಹೇಳಲಿ. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರ ಅಂತ ಬರೆದಿರುವ ಪುಡಿಯನ್ನೇ ತನ್ನಿ, ಅಂಗಡಿಯ ಸಿಹಿ ಪಾನೀಯ ಬೇಡ. ಪ್ಯಾಕೆಟ್ ಸಿಗದ ಹೊತ್ತಿನಲ್ಲಿ ಮನೆಯಲ್ಲೇ ಮಾಡುವ ಅಳತೆ: ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಚಿಕ್ಕ ಚಮಚದಲ್ಲಿ ಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಈಗ ಪ್ರಶ್ನೆ ಹಾಕಿ. ಒಂದು ಲೋಟಕ್ಕೆ, ಅಂದರೆ 200 ಮಿ.ಲೀ.ಗೆ ಮಾಡಬೇಕಾದರೆ ಎಷ್ಟು? ಲೀಟರಿನಲ್ಲಿ ಐದು ಲೋಟ. ಸಕ್ಕರೆ 6 ಭಾಗ 5, ಅಂದರೆ 1.2 ಚಮಚ. ಉಪ್ಪು 0.5 ಭಾಗ 5, ಅಂದರೆ 0.1 ಚಮಚ. ಚಮಚದ ಹತ್ತನೇ ಒಂದು ಭಾಗ ಉಪ್ಪನ್ನು ಅಳೆದು ತೋರಿಸು ಅನ್ನಿ. ಆಗುವುದಿಲ್ಲ. ಚಿಟಿಕೆ ಹೆಚ್ಚಾದರೆ ಮಗುವಿಗೆ ತೊಂದರೆ. ಅದಕ್ಕೇ ಮನೆಯಲ್ಲಿ ಮಾಡುವಾಗ ಪೂರ್ತಿ ಲೀಟರ್ ಮಾಡಿಟ್ಟುಕೊಂಡು ಸ್ವಲ್ಪ ಸ್ವಲ್ಪ ಕುಡಿಸಬೇಕು, 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಉತ್ತರ 0.1 ಅಂತ ಬರೆದು ಪುಟ ತಿರುಗಿಸುವ ಲೆಕ್ಕ ಇದಲ್ಲ. ಉತ್ತರ ಸರಿಯಿದ್ದರೂ ಕೈಯಲ್ಲಿ ಅಳೆಯಲಾಗದು ಅನ್ನುವುದೇ ಇಲ್ಲಿ ಕಲಿಯುವುದು. ಉಪ್ಪಿನ ಚಮಚ ಮಾತ್ರ ನೀವೇ ಹಾಕಿ.

ಗುರುವಾರ ನೀರಿನ ಡ್ರಮ್. ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಹಾಗಾಗಿ ಡ್ರಮ್, ಸಂಪು, ತೊಟ್ಟಿ ಇಲ್ಲದ ಮನೆ ಇಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿರುವುದು ಇದೇ, ನಿಂತ ಒಳ್ಳೆ ನೀರು. ಅದು ಕಚ್ಚುವುದು ಹಗಲಲ್ಲಿ. ಓಡಾಡುವ ದಿನ ಆಗಿದ್ದರೆ ದೊಡ್ಡವಳ ಕೈಗೆ ಟಾರ್ಚ್ ಕೊಟ್ಟು ಡ್ರಮ್ಮಿನೊಳಗೆ ನೋಡಿಸಿ. ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳು ಇದ್ದರೆ ನೀರಿನ ಮೇಲ್ಮೈಗೆ ಬಾಲ ತಾಗಿಸಿ ತಲೆಕೆಳಗಾಗಿ ನೇತಾಡುತ್ತಿರುತ್ತವೆ, ಉಸಿರಾಡುವ ನಳಿಗೆ ಬಾಲದ ಹತ್ತಿರ ಇರುತ್ತದೆ. ನೆರಳು ಬಿದ್ದ ತಕ್ಷಣ ಡೊಂಕು ಡೊಂಕಾಗಿ ಕೆಳಗೆ ಓಡುತ್ತವೆ. ಅದರ ಮುಂದಿನ ಹಂತ ಪ್ಯೂಪಾ, ಅಲ್ಪವಿರಾಮದ ಹಾಗೆ ಬಾಗಿರುತ್ತದೆ. ಒಂದಿಷ್ಟನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು ಎರಡು ದಿನ ಚಿತ್ರ ಬರೆಸಿ. ಪ್ಯೂಪಾ ಕಂಡ ದಿನವೇ ಒಣ ನೆಲಕ್ಕೆ ಚೆಲ್ಲಿಬಿಡಿ, ಸೊಳ್ಳೆ ಸಾಕುವ ಪ್ರಯೋಗ ನಮಗೆ ಬೇಡ.

ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಬೇಕು ಅನ್ನುವುದು. ಬರೀ ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಬೇಕು. ಮೊಟ್ಟೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಆರೋಗ್ಯ ಇಲಾಖೆಯವರು ಗಪ್ಪಿ, ಗಾಂಬೂಸಿಯಾ ಮೀನು ಬಿಡುತ್ತಾರೆ, ಅವು ಲಾರ್ವಾ ತಿನ್ನುತ್ತವೆ. ಆಶಾ ಕಾರ್ಯಕರ್ತೆ ಅಕ್ಕ ಲಾರ್ವಾ ನೋಡಲು ಬಂದಾಗ ಮಗುವನ್ನು ಅವರ ಜೊತೆ ನಿಲ್ಲಿಸಿ. ಅರ್ಧ ಗಂಟೆಯಲ್ಲಿ ಅವರು ಹೇಳಿಕೊಡುವಷ್ಟು ಯಾವ ವಿಡಿಯೊದಲ್ಲೂ ಇಲ್ಲ.

ಶುಕ್ರವಾರ ಅಮ್ಮನ ಸರದಿ ಅಂತಿಟ್ಟುಕೊಳ್ಳಿ. ಇದೇ ಮಲಗುವ ದಿನ. ಡಬ್ಬಿ, ರೆಕಾರ್ಡ್ ಮಾಡಿದ ಕಥೆ, ದೀಕ್ಷಾ ವಿಡಿಯೊ, ಸಾಲದಿದ್ದರೆ ಟಿವಿ. ಟಿವಿ ಹಾಕಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಶಕ್ತಿಯನ್ನು ನಿದ್ದೆಗೆ ಉಳಿಸಿಕೊಳ್ಳಿ. ಸಣ್ಣವನಿಗೆ ಜ್ವರ ಬಿಟ್ಟಿದ್ದರೆ ಅಕ್ಕ ಅವನಿಗೆ ಓದಿ ಹೇಳಲಿ, ಅವಳ ಓದುವ ಪಾಠ ಅದರಲ್ಲೇ ಆಗುತ್ತದೆ. ಸಣ್ಣವನಿಗೆ ಚೀಟಿ ಆಟ ಕೊಡಿ. ಅಮ್ಮನ ಕೋಣೆಯೊಳಗೆ ಬರುವಂತಿಲ್ಲ, ಏನು ಹೇಳಬೇಕಾದರೂ ಚೀಟಿಯಲ್ಲಿ ಬರೆದು ಬಾಗಿಲ ಸಂದಿಯಲ್ಲಿ ತಳ್ಳಬೇಕು. ಕಾಪಿ ಬರೆಯಲು ಅಳುವ ಮಗು "ಅಮ್ಮ ನೀರು ಬೇಕ" ಅಂತ ಕೊಂಬು ದೀರ್ಘ ಬಿಟ್ಟೋ ಇಟ್ಟೋ ಬರೆಯುತ್ತದೆ. ತಿದ್ದಬೇಡಿ, ಉತ್ತರ ಬರೆಯಿರಿ. ನಿಮ್ಮ ಉತ್ತರದಲ್ಲಿ ಅದೇ ಪದ ಸರಿಯಾಗಿ ಇದ್ದರೆ ಸಾಕು.

ಶನಿವಾರ ಅಜ್ಜನಿಗೆ ಫೋನು. ನಮ್ಮ ಜಿಲ್ಲೆಯ ಚರಿತ್ರೆಯನ್ನು ಮಲಗಿಕೊಂಡೇ ಕಲಿಯಬಹುದು, ಹೇಳುವವರು ಇರಬೇಕಷ್ಟೆ. ದೊಡ್ಡವಳು ಮೊದಲೇ ಐದು ಪ್ರಶ್ನೆ ಬರೆದುಕೊಳ್ಳಲಿ, ಸ್ಪೀಕರ್ ಹಾಕಿ ಉತ್ತರ ಬರೆದುಕೊಳ್ಳಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ, ಅಲ್ಲಿಯ ತನಕ ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆಗ ಮನೆಯಲ್ಲಿ ಯಾರು ಏನು ಮಾತಾಡುತ್ತಿದ್ದರು, ಶಾಲೆಯಲ್ಲಿ ಯಾವ ಭಾಷೆ ಇತ್ತು, ಹಿರಿಯರಿಂದ ಕೇಳಿದ್ದು ಏನು? ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಓಣಿಯಲ್ಲಿ ಯಾಕೆ ಕೇಳಿಸುತ್ತವೆ ಅನ್ನುವುದಕ್ಕೆ ಉತ್ತರ ಪಠ್ಯಪುಸ್ತಕಕ್ಕಿಂತ ಇಲ್ಲಿ ಚೆನ್ನಾಗಿ ಸಿಗುತ್ತದೆ.

ತುಂಗಭದ್ರಾ ಅಣೆಕಟ್ಟಿನ ಮಾತು ಬಂದರೆ ಬಿಡಬೇಡಿ. ಅದಕ್ಕೆ 33 ಕ್ರೆಸ್ಟ್ ಗೇಟ್, ಅಂದರೆ ತುಂಬಿದ ನೀರನ್ನು ಹೊರಗೆ ಬಿಡುವ ಬಾಗಿಲು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಮಕ್ಕಳಿಗೆ ಒಂದು ಪ್ರಶ್ನೆ ಹಾಕಿ ಸುಮ್ಮನಿರಿ: ತುಂಬಿದ ಡ್ಯಾಮಿನ ಗೇಟು ಹೋದರೆ ನೀರು ಹರಿಯುವಾಗಲೇ ಹೇಗೆ ಮುಚ್ಚುವುದು? ಹಲಗೆ, ಬಂಡೆ, ಮರಳು ಮೂಟೆ ಎಲ್ಲ ಹೇಳಲಿ. ಆಮೇಲೆ ಹೇಳಿ, ಮೊದಲು ಬೇರೆ ಗೇಟುಗಳನ್ನೂ ತೆರೆದು ಒತ್ತಡ ಕಡಿಮೆ ಮಾಡಿದರು, ಆಮೇಲೆ ಸ್ಟಾಪ್ ಲಾಗ್ ಅನ್ನುವ ಉಕ್ಕಿನ ಅಡ್ಡಪಟ್ಟಿಗಳನ್ನು ಒಂದರ ಮೇಲೊಂದು ಇಳಿಸಿ ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಇದೇ ಥರ ಕೋಟೆಯ ಕಥೆಯೂ ಇದೆ. ಹೈದರಾಲಿ ಬಳ್ಳಾರಿ ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರನ್ನೇ ಗಲ್ಲಿಗೇರಿಸಿದ ಅಂತ ಜನ ಹೇಳುತ್ತಾರೆ, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇದೆ ಅಂತ ಆಮೇಲೆ ಗೊತ್ತಾಯಿತಂತೆ. ಎತ್ತರ ಇದ್ದರೆ ಏನು ತೊಂದರೆ? ಫಿರಂಗಿ ಅಂತ ಉತ್ತರ ಬರುವ ತನಕ ಕಾಯಿರಿ.

ಭಾನುವಾರ ಎಲ್ಲರಿಗೂ ರಜೆ, ಡಬ್ಬಿಗೂ.

ಹೆಜ್ಜೆ 5: ವಾಪಸ್ ಬರುವ ವಾರ

ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲಿ. ಮಗು ಆಡುತ್ತಿದೆ, ಹೋದ ವಾರದ್ದನ್ನೂ ಸೇರಿಸಿ ಮುಗಿಸೋಣ ಅಂತ ದುಪ್ಪಟ್ಟು ಪಾಠ ಹಾಕುತ್ತೇವೆ. ಹಾಕಬೇಡಿ. ತಪ್ಪಿದ ಪಾಠವನ್ನು ತುಂಬಿಸಬೇಕಾಗಿಲ್ಲ, ಎಲ್ಲಿ ನಿಂತಿತ್ತೋ ಅಲ್ಲಿಂದ ಶುರು ಮಾಡಿದರೆ ಆಯಿತು. ಹೋಮ್‌ಸ್ಕೂಲಿಂಗ್‌ನ ದೊಡ್ಡ ಅನುಕೂಲವೇ ಇದು. ಇದನ್ನೇ ಬಿಟ್ಟುಕೊಟ್ಟರೆ ಶಾಲೆಗೇ ಕಳಿಸಬಹುದಿತ್ತು.

ಮೊದಲ ಎರಡು ದಿನ ಅರ್ಧ ಹೊತ್ತು. ಲೆಕ್ಕ ಬೆಳಿಗ್ಗೆ, ಓದು ಹತ್ತು ಗಂಟೆಗೆ, ಮಧ್ಯಾಹ್ನ ಮಲಗುವುದು. ಡೆಂಗಿ, ಟೈಫಾಯ್ಡ್ ಆಗಿದ್ದರೆ ಸುಸ್ತು ವಾರಗಟ್ಟಲೆ ಇರುತ್ತದೆ. ಮಗು ಸೋಮಾರಿ ಆಗಿಲ್ಲ, ಮೈ ಇನ್ನೂ ರಿಪೇರಿ ಆಗುತ್ತಿದೆ. ಅಂಬಲಿ, ಮಜ್ಜಿಗೆ, ನುಚ್ಚು ಒಗ್ಗಿದ ಮೇಲೆ ರೊಟ್ಟಿ, ರೊಟ್ಟಿ ಒಗ್ಗಿದ ಮೇಲೆ ಮಿರ್ಚಿ. ಪಾಠವೂ ಅದೇ ಕ್ರಮದಲ್ಲಿ ಬರಲಿ.

ಪೂರ್ತಿ ಚೇತರಿಸಿಕೊಂಡ ಮೇಲೆ ಒಂದು ಸಣ್ಣ ಸುತ್ತಾಟ ಇಟ್ಟುಕೊಳ್ಳಿ. ಸಂಗನಕಲ್ಲು ಗುಡ್ಡ ಊರಿಗೆ ಹತ್ತಿರ, ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ. ಪಕ್ಕದ ಕಪ್ಪಗಲ್ಲಿನಲ್ಲಿ ತಟ್ಟಿದರೆ ಗಂಟೆಯ ದನಿ ಬರುವ ಬಂಡೆಗಳಿವೆ. ಹತ್ತುವಷ್ಟು ಶಕ್ತಿ ಇಲ್ಲದಿದ್ದರೆ ಊರಲ್ಲೇ ಇರುವ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಮ್ಯೂಸಿಯಂ ಸಾಕು.

ಹೆಜ್ಜೆ 6: ಬರೆದಿಡಿ

ಒಂದು ನೋಟ್‌ಬುಕ್, ದಿನಕ್ಕೆ ಎರಡು ಸಾಲು. "ಮಂಗಳ: ಕೂರುವ ದಿನ. ಜ್ವರದ ಗ್ರಾಫ್, ದಶಮಾಂಶ." ಚಾರ್ಟು, ಚೀಟಿ, ಲಾರ್ವಾ ಚಿತ್ರ ಎಲ್ಲ ಅದರಲ್ಲೇ ಅಂಟಿಸಿ. ವಾರ ಪೂರ್ತಿ ಏನೂ ಆಗಲಿಲ್ಲ ಅನ್ನಿಸಿದಾಗ ಇದನ್ನು ತೆರೆದರೆ ಸಮಾಧಾನ ಆಗುತ್ತದೆ. ಮುಂದೆ ಯಾವುದಾದರೂ ಶಾಲೆಗೆ ಸೇರಿಸುವಾಗ ತೋರಿಸಲೂ ಬೇಕಾಗುತ್ತದೆ.

ಪರೀಕ್ಷೆಯ ಚಿಂತೆ ಇರುವ ದೊಡ್ಡ ಮಕ್ಕಳ ಮನೆಯವರಿಗೆ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕು ಕೊಡುತ್ತದೆ, ಹೋಮ್‌ಸ್ಕೂಲಿಂಗಿಗೆ ಅಂತ ಬೇರೆ ಕಾನೂನು ಇಲ್ಲ. ಹತ್ತನೇ ಕ್ಲಾಸಿಗೆ ಹೆಚ್ಚಿನವರು ಹಿಡಿಯುವ ದಾರಿ ಎನ್‌ಐಓಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಅಲ್ಲಿ ಸೆಕೆಂಡರಿಗೆ ಸೇರಲು 14 ವರ್ಷ ತುಂಬಿರಬೇಕು. ಒಮ್ಮೆ ಸೇರಿದರೆ ಐದು ವರ್ಷ ಅವಧಿ, ಅದರೊಳಗೆ ಒಂಬತ್ತು ಸಲ ಪರೀಕ್ಷೆಗೆ ಕೂರುವ ಅವಕಾಶ. ವಿಷಯಗಳನ್ನು ಬಿಡಿಬಿಡಿಯಾಗಿ ಬರೆಯಬಹುದು. ಪರೀಕ್ಷೆ ಹೊತ್ತಿಗೆ ಟೈಫಾಯ್ಡ್ ಬಂದರೂ ವರ್ಷ ಹಾಳಾಗುವುದಿಲ್ಲ. ಅದು ಗೊತ್ತಿದ್ದರೆ ಜ್ವರದಲ್ಲಿ ಮಗುವನ್ನು ಕೂರಿಸಿ ಓದಿಸುವ ಹುಚ್ಚು ಯಾರಿಗೂ ಬರುವುದಿಲ್ಲ.

ಹೆಜ್ಜೆ 7: ಕಾಯಿಲೆ ಉದ್ದವಾದರೆ, ನೆಂಟರು ಬಂದರೆ

ಚಿಕೂನ್‌ಗುನ್ಯಾ ಬಂದ ದೊಡ್ಡವರಿಗೆ ಜ್ವರ ಬೇಗ ಬಿಟ್ಟರೂ ಕೀಲುನೋವು ಎಷ್ಟೋ ವಾರ, ಕೆಲವರಿಗೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಬೆಳಿಗ್ಗೆ ಚಪಾತಿ ಲಟ್ಟಿಸಲಾಗದ ಕೈ ಬಳಪವನ್ನೂ ಹಿಡಿಯುವುದಿಲ್ಲ. ಹೀಗಾದರೆ ಕಾಯಿಲೆ ವಾರದ ಏರ್ಪಾಡನ್ನು ತಿಂಗಳಿಗೆ ಎಳೆಯಬೇಡಿ. ಅದು ಹಳಸುತ್ತದೆ, ಮಕ್ಕಳಿಗೂ ಡಬ್ಬಿ ಬೇಜಾರಾಗುತ್ತದೆ. ಕೂರುವ ದಿನವನ್ನೇ ನಿಮ್ಮ ಸಾಮಾನ್ಯ ದಿನ ಅಂತ ಒಪ್ಪಿಕೊಂಡು ಹೊಸ ಟೈಮ್‌ಟೇಬಲ್ ಹಾಕಿ. ಬರೆಸುವ ಪಾಠ ಕಡಿಮೆ ಮಾಡಿ, ಬಾಯಿಪಾಠ, ಓದು, ಮಾತು ಜಾಸ್ತಿ ಮಾಡಿ. ಲೆಕ್ಕವನ್ನು ಮನೆಯ ಇನ್ನೊಬ್ಬರಿಗೆ ಒಪ್ಪಿಸಿ. ರಾತ್ರಿ ಎಂಟಕ್ಕೆ ಅಪ್ಪ ಬಂದ ಮೇಲೆ ಲೆಕ್ಕ ಕಲಿತರೂ ಅದು ಲೆಕ್ಕವೇ.

ನೋಡಲು ಬಂದ ನೆಂಟರು ಹಣ್ಣಿನ ಜೊತೆ ಒಂದು ಮಾತನ್ನೂ ತರುತ್ತಾರೆ. "ಶಾಲಿಗೆ ಹಾಕಿದ್ರೆ ಇಷ್ಟೆಲ್ಲ ತ್ರಾಸು ಇರ್ತಿರ್ಲಿಲ್ಲ ನೋಡವ್ವಾ." ವಾದ ಮಾಡಬೇಡಿ, ನಿಮಗೆ ಅದಕ್ಕೂ ಕಸುವಿಲ್ಲ. ಅವರಿಗೆ ಒಂದು ಕೆಲಸ ಕೊಡಿ. "ಹೌದು ಅತ್ತೆ, ನೀವು ಬಂದದ್ದು ಒಳ್ಳೇದಾಯ್ತು, ಇವನಿಗೆ ಗಡಿಯಾರ ನೋಡೋದು ಸ್ವಲ್ಪ ಹೇಳಿಕೊಡ್ತೀರಾ?" ಸಹಾಯ ಮಾಡಲಾ ಅಂತ ಕೇಳಿದವರಿಗೆ "ಏನೂ ಬೇಡ" ಅನ್ನದೆ ಇಂಥದ್ದೇ ಅಂತ ಹೇಳಿ: ಬುಧವಾರ ಸಂಜೆ ಒಂದು ಗಂಟೆ ಇವಳನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗಿ, ನಾಳೆ ಮಧ್ಯಾಹ್ನಕ್ಕೆ ಅನ್ನ ಸಾರು ಕಳಿಸಿ, ಈ ಹತ್ತು ಹಾಳೆ ಜೆರಾಕ್ಸ್ ಮಾಡಿಸಿಕೊಂಡು ಬನ್ನಿ. ಅಂಟುವ ಕಾಯಿಲೆ ಇದ್ದರೆ ಮಗುವನ್ನು ಕಳಿಸುವ ಮೊದಲು ಅದನ್ನೂ ಹೇಳಿಬಿಡಿ, ಅವರ ಮನೆಯಲ್ಲೂ ಚಿಕ್ಕ ಮಕ್ಕಳು, ವಯಸ್ಸಾದವರು ಇರುತ್ತಾರೆ.